ನೀರೊಳಗೆ ಸ್ಟ್ರೋಬ್: ಮೊದಲು ಜಾಗ, ಆಮೇಲೆ ಪವರ್

ನೀರಿನೊಳಗೆ ಫೋಟೋ ತೆಗೆಯುವುದನ್ನು ಕಲಿಯಲು ಬರುವವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಸ್ಟ್ರೋಬನ್ನು (ಕ್ಯಾಮೆರಾ ಪಕ್ಕದ ತೋಳಿಗೆ ಜೋಡಿಸುವ ಫ್ಲ್ಯಾಶ್ ದೀಪ) ಎಷ್ಟು ಪವರ್‌ನಲ್ಲಿ ಇಡಬೇಕು? ಪ್ರಶ್ನೆ ತಪ್ಪಲ್ಲ, ಆದರೆ ಅದು ಆಮೇಲಿನದು. ಸ್ಟ್ರೋಬ್ ಎಲ್ಲಿದೆ, ಅದರ ಮುಖ ಎತ್ತ ಇದೆ, ನೀವು ಮೀನಿನಿಂದ ಎಷ್ಟು ದೂರ ಇದ್ದೀರಿ ಅನ್ನುವುದು ಮೊದಲು. ಇವು ಸರಿ ಇದ್ದರೆ ಪವರ್ ಬರೀ ಒಂದು ಗುಂಡಿ ತಿರುಗಿಸುವ ಕೆಲಸ. ಇವು ಸರಿ ಇಲ್ಲದಿದ್ದರೆ ಎಷ್ಟು ಪವರ್ ಕೊಟ್ಟರೂ ಚಿತ್ರ ಕೆಡುತ್ತದೆ.

ದೂರದ ಮಾತು ಮೊದಲು. ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಎಲ್ಲಕ್ಕಿಂತ ಮುಂಚೆ ಹೋಗುವುದು ಕೆಂಪು. 10 ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಹಳದಿ. ಕಡುಗೆಂಪು ಸ್ಪಂಜು ಅಲ್ಲಿ ಮಂಕು ಕಂದು ಬಣ್ಣಕ್ಕೆ ಕಾಣುತ್ತದೆ. ಸ್ಟ್ರೋಬ್ ಮಿಂಚಿದ ಕೂಡಲೇ ಅದರ ನಿಜವಾದ ಬಣ್ಣ ಎದ್ದು ಬರುತ್ತದೆ. ಅದನ್ನು ಮೊದಲ ಸಲ ಸ್ಕ್ರೀನಿನಲ್ಲಿ ಕಂಡವರು ನೀರೊಳಗೇ ಕೂಗಿಬಿಡುತ್ತಾರೆ, ಉಸಿರಾಟದ ರೆಗ್ಯುಲೇಟರ್ ಬಾಯಲ್ಲಿದ್ದರೂ.

ಆದರೆ ಸ್ಟ್ರೋಬಿನ ಬೆಳಕನ್ನೂ ನೀರು ಬಿಡುವುದಿಲ್ಲ. ಹೋಗುವಾಗಲೂ ನುಂಗುತ್ತದೆ, ವಾಪಸ್ ಬರುವಾಗಲೂ ನುಂಗುತ್ತದೆ. ಮೀನು 1 ಮೀಟರ್ ದೂರದಲ್ಲಿದ್ದರೆ ಬೆಳಕು ಸುಮಾರು 2 ಮೀಟರ್ ನೀರು ದಾಟಿರುತ್ತದೆ. 3 ಮೀಟರ್ ದೂರ ಇದ್ದರೆ 6. ಸಾಲದ್ದಕ್ಕೆ ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಸ್ಟ್ರೋಬ್ ನಿಜವಾಗಿ ಕೆಲಸ ಮಾಡುವುದು ಒಂದು, ಒಂದೂವರೆ ಮೀಟರ್ ಒಳಗೆ ಮಾತ್ರ. ನೀರೊಳಗಿನ ಮೊದಲ ಬಣ್ಣದ ಫೋಟೋ ಬಂದದ್ದು 1926ರಲ್ಲಿ. ಫ್ಲಾರಿಡಾದ ಡ್ರೈ ಟೋರ್ಟುಗಾಸ್ ಬಳಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಒಂದು ಹಾಗ್‌ಫಿಶ್ ಚಿತ್ರ ತೆಗೆದರು. ಬೆಳಕಿಗಾಗಿ ಅವರು ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಬೇಕಾಯಿತು. ಬೆಳಕನ್ನು ಮೀನಿನ ಹತ್ತಿರ ಒಯ್ಯುವ ದಾರಿ ಅವರಿಗಿರಲಿಲ್ಲ. ನಮಗಿದೆ. ಅದನ್ನು ಬಿಟ್ಟು ದೂರದಿಂದಲೇ ಫುಲ್ ಪವರ್ ಹೊಡೆಯುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಇನ್ನು ಎಲ್ಲರನ್ನೂ ಕಾಡುವ ಬಿಳಿ ಚುಕ್ಕಿಗಳು, ಅಂದರೆ ಬ್ಯಾಕ್‌ಸ್ಕ್ಯಾಟರ್. ಕತ್ತಲೆ ಕೋಣೆಗೆ ಬಿಸಿಲುಕೋಲು ಬಿದ್ದಾಗ ಅದರೊಳಗಿನ ಧೂಳು ಮಾತ್ರ ಹೊಳೆಯುತ್ತದೆ, ಪಕ್ಕದ ಧೂಳು ಕಾಣುವುದೇ ಇಲ್ಲ. ನೀರಿನಲ್ಲೂ ಅಷ್ಟೇ. ಕಣಗಳು ಎಲ್ಲ ಕಡೆ ಇವೆ. ಲೆನ್ಸ್ ಮತ್ತು ಮೀನಿನ ನಡುವಿನ ನೀರಿಗೆ ಬೆಳಕು ಬೀಳದಂತೆ ನೋಡಿಕೊಂಡರೆ ಸಾಕು, ಅವು ಚಿತ್ರಕ್ಕೆ ಬರುವುದಿಲ್ಲ.

ಅದಕ್ಕಾಗಿ ಅಗಲವಾದ ದೃಶ್ಯ ತೆಗೆಯುವ ವೈಡ್ ಆ್ಯಂಗಲ್‌ನಲ್ಲಿ ಸ್ಟ್ರೋಬ್‌ಗಳನ್ನು ಎರಡೂ ಪಕ್ಕಕ್ಕೆ ದೂರ ಚಾಚಿ, ಲೆನ್ಸಿನ ಮುಂದಿನ ಗುಮ್ಮಟದಂಥ ಗಾಜಾದ ಡೋಮ್ ಪೋರ್ಟ್‌ಗಿಂತ ಹಿಂದಕ್ಕೆ ಎಳೆದುಕೊಳ್ಳಿ. ಮುಖ ನೇರ ಮುಂದಕ್ಕೆ ಅಥವಾ ಸ್ವಲ್ಪ ಹೊರಕ್ಕೆ ಇರಲಿ. ಮೀನಿನ ಮೇಲೆ ಬೀಳಬೇಕಾದ್ದು ಬೆಳಕಿನ ಅಂಚು, ನಡುಭಾಗವಲ್ಲ. ಹೊಸಬರಿಗೆ ಇದು ನಂಬಲು ಕಷ್ಟ, ಕೈ ತಾನಾಗಿ ಸ್ಟ್ರೋಬನ್ನು ಮೀನಿನ ಕಡೆಗೇ ತಿರುಗಿಸುತ್ತದೆ. ಅಲ್ಲೇ ಇನ್ನೊಂದು ಮೋಸವಿದೆ. ಮಾಸ್ಕ್ ಹಾಕಿಕೊಂಡಾಗ ನೀರೊಳಗಿನ ವಸ್ತು ಸುಮಾರು ಕಾಲುಭಾಗ ಹತ್ತಿರ ಕಾಣುತ್ತದೆ. 1 ಮೀಟರ್ ದೂರದ ಮೀನು 75 ಸೆಂಟಿಮೀಟರ್‌ನಲ್ಲೇ ಇರುವ ಹಾಗೆ. ಕಣ್ಣಿಗೆ ಕಂಡ ಮೀನಿಗೆ ಗುರಿ ಇಟ್ಟರೆ ಬೆಳಕು ನಿಜವಾದ ಮೀನಿನ ಮುಂದೆಯೇ ಒಂದುಗೂಡಿ, ನಡುವಿನ ನೀರನ್ನೆಲ್ಲ ಬೆಳಗಿಬಿಡುತ್ತದೆ.

ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ನೋಡಿ. ಆಳವಿಲ್ಲದ ಕಡೆ, ಮರಳಿನ ಮೇಲಿರುವ ಒಂದು ಖಾಲಿ ಚಿಪ್ಪನ್ನು ಆರಿಸಿಕೊಳ್ಳಿ. ಒಂದೇ ಸ್ಟ್ರೋಬ್ ಸಾಕು. ಮೊದಲು ಅದನ್ನು ಲೆನ್ಸಿನ ನೇರ ಮೇಲೆ ಇಟ್ಟು ಒಂದು ಫೋಟೋ ತೆಗೆಯಿರಿ. ಆಮೇಲೆ ಎಡಕ್ಕೆ ತನ್ನಿ. ಅಲ್ಲಿಂದ ಒಂದೊಂದು ಗೇಣು ಹೊರಕ್ಕೆ, ಹಿಂದಕ್ಕೆ ಸರಿಸುತ್ತಾ ಪ್ರತಿ ಸಲವೂ ಒಂದು ಫೋಟೋ. ಕ್ಯಾಮೆರಾ, ಪವರ್ ಯಾವುದನ್ನೂ ಮುಟ್ಟಬೇಡಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ಹೋದರೆ ಚುಕ್ಕಿಗಳು ಕಡಿಮೆಯಾಗುವುದೂ ಚಿಪ್ಪಿನ ಏಣುಗಳಿಗೆ ನೆರಳು ಬಂದು ಅದು ದುಂಡಗಾಗುವುದೂ ಕಾಣುತ್ತದೆ. ಒಂದು ಹಂತ ದಾಟಿದ ಮೇಲೆ ಚಿಪ್ಪಿನ ಒಂದು ಪಕ್ಕ ಪೂರ್ತಿ ಕತ್ತಲಾಗುತ್ತದೆ. ಅಲ್ಲಿಂದ ಸ್ಟ್ರೋಬನ್ನು ಸ್ವಲ್ಪ ಒಳಕ್ಕೆ ತನ್ನಿ, ಅದರ ಜಾಗ ಅದೇ. ಎರಡು ಸ್ಟ್ರೋಬ್ ಇದ್ದಾಗ ಜಾಸ್ತಿ ಅಗಲಿಸಿದರೆ ಚಿತ್ರದ ನಡುವೆ ಕತ್ತಲೆಯ ಪಟ್ಟಿ ಬೀಳುತ್ತದೆ. ಹತ್ತಿರ ಹೋದಷ್ಟೂ ತೋಳುಗಳನ್ನು ಒಳಕ್ಕೆ ತಂದುಕೊಳ್ಳಬೇಕು.

ಈಗ ಚಿತ್ರಕ್ಕೆ ಎಷ್ಟು ಬೆಳಕು ಸೇರಬೇಕು ಅನ್ನುವ ಎಕ್ಸ್‌ಪೋಷರ್. ಒಂದೇ ಚಿತ್ರದಲ್ಲಿ ಎರಡು ಬೆಳಕಿವೆ ಅಂದುಕೊಳ್ಳಿ. ಹಿಂದಿನ ನೀಲಿ ನೀರು ಸೂರ್ಯನದು, ಮುಂದಿನ ಮೀನು ಸ್ಟ್ರೋಬಿನದು. ಸ್ಟ್ರೋಬ್ ಮಿಂಚಿ ಮುಗಿಯುವುದು ಎಷ್ಟು ಬೇಗ ಅಂದರೆ, ಶಟರ್ ಸೆಕೆಂಡಿನ 1/60 ಭಾಗ ತೆರೆದಿದ್ದರೂ 1/200 ಭಾಗ ತೆರೆದಿದ್ದರೂ ಮೀನಿನ ಮೇಲಿನ ಅದರ ಬೆಳಕು ಅಷ್ಟೇ. ಶಟರ್ ಬದಲಿಸಿದರೆ ಬದಲಾಗುವುದು ನೀಲಿ ಮಾತ್ರ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಎರಡನ್ನೂ ಬದಲಿಸುತ್ತದೆ, ಗೊಂದಲ ಹುಟ್ಟುವುದು ಅಲ್ಲೇ. ನಾನು ಹೇಳಿಕೊಡುವ ಕ್ರಮ ಹೀಗಿದೆ: ಅಪರ್ಚರ್ ಎಫ್/8, ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ 200, ಶಟರ್ 1/125. ಸ್ಟ್ರೋಬ್ ಆಫ್ ಮಾಡಿ ನೀರಿನ ಕಡೆಗೆ ತಿರುಗಿ. ಇಷ್ಟವಾದ ನೀಲಿ ಸಿಗುವ ತನಕ ಶಟರ್ ಒಂದನ್ನೇ ಬದಲಿಸಿ. ಆಮೇಲೆ ಸ್ಟ್ರೋಬ್ ಆನ್ ಮಾಡಿ, ಮೀನಿಗೆ ಬೇಕಾದ ಬೆಳಕನ್ನು ಪವರ್ ಗುಂಡಿಯಿಂದ ಕೊಡಿ. ಅನೇಕ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದು ನೆನಪಿರಲಿ.

ಮ್ಯಾಕ್ರೋ, ಅಂದರೆ ಚಿಕ್ಕ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವುದು, ಇದಕ್ಕಿಂತ ಸುಲಭ. ಎಫ್/16, 1/200, ಐಎಸ್‌ಒ 100 ಇಟ್ಟರೆ ಸೂರ್ಯನ ಬೆಳಕಿಗೆ ಜಾಗವೇ ಉಳಿಯುವುದಿಲ್ಲ. ಸ್ಟ್ರೋಬ್ ಪೋರ್ಟಿನ ಪಕ್ಕದಲ್ಲೇ ಇರಲಿ. ಅಲ್ಲಿ ಟಿಟಿಎಲ್ (ಲೆನ್ಸ್ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾ ತಾನೇ ಪವರ್ ನಿರ್ಧರಿಸುವ ವಿಧಾನ) ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ವೈಡ್ ಆ್ಯಂಗಲ್‌ಗೆ ಮಾತ್ರ ಮ್ಯಾನುಯಲ್ ಕಲಿಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಹಿಂದಿನ ವಿಶಾಲ ನೀರನ್ನು ನೋಡಿ ಟಿಟಿಎಲ್ ಮೋಸಹೋಗಿ ಮೀನನ್ನು ಬೆಳ್ಳಗೆ ಸುಟ್ಟುಬಿಡುತ್ತದೆ.

ಬೆಳ್ಳಿ ಮೈಯ ಮೀನುಗಳ ವಿಷಯ ಬೇರೆ. ಅವುಗಳ ಹುರುಪೆ ಬೆಳಕನ್ನು ಹಾಗೇ ವಾಪಸ್ ಎಸೆಯುತ್ತದೆ. ಬೆಳಕನ್ನು ಹರಡಿ ಮೃದು ಮಾಡುವ ಡಿಫ್ಯೂಸರ್ ಹಾಕಿ, ಪವರ್ ಇಳಿಸಿ, ಪಕ್ಕದಿಂದ ಬೆಳಕು ಕೊಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸೆಟ್ಟಿಂಗ್ ಹೊಂದಿಸಿಕೊಳ್ಳಲು ಸುಮ್ನೆ ಕಡಲಕುದುರೆಯ ಮುಖಕ್ಕೆ ಮತ್ತೆ ಮತ್ತೆ ಮಿಂಚು ಹೊಡೆಯಬೇಡಿ. ಅದೇ ದೂರದಲ್ಲಿರುವ ಒಂದು ಕಲ್ಲಿನ ಮೇಲೆ ಬೆಳಕು, ಕೋನ, ಪವರ್ ಎಲ್ಲ ಸರಿಮಾಡಿಕೊಳ್ಳಿ. ಸ್ಟ್ರೋಬಿನ ತೋಳು ಹವಳಕ್ಕೆ ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಕಡಲಕುದುರೆಯ ಕಡೆ ತಿರುಗಿ ಒಂದೆರಡು ಫೋಟೋ ತೆಗೆದು, ಅದನ್ನು ಅದರ ಪಾಡಿಗೆ ಬಿಟ್ಟು ಮುಂದೆ ಹೋಗಿ.