ಹಾಲ್ ಗುಂಯ್‌ಗುಟ್ಟುತ್ತದೆಯೇ? ಮೊದಲು ಛಾವಣಿ ನೋಡಿ

"ಮಾತು ಅರ್ಥವಾಗ್ತಿಲ್ಲ, ಇನ್ನೂ ದೊಡ್ಡ ಸ್ಪೀಕರ್ ಹಾಕಿಸೋಣ್ವಾ?" ಹಾಲ್‌ಗಳ ಅಕೌಸ್ಟಿಕ್ಸ್, ಅಂದರೆ ಒಳಗೆ ಸದ್ದು ಹೇಗೆ ಕೇಳಿಸುತ್ತದೆ ಎಂದು ನೋಡಲು ಹೋದಾಗ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಬೇಡ ಎನ್ನುತ್ತೇನೆ. ಸದ್ದು ಏರಿಸಿದಷ್ಟೂ ಗೋಡೆ, ಛಾವಣಿಗೆ ಬಡಿದು ವಾಪಸ್ ಬರುವ ಸದ್ದೂ ಏರುತ್ತದೆ. ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಕಿವಿ ಸ್ವಲ್ಪ ಮಂದವಾದವರು ಇಡೀ ಕಾರ್ಯಕ್ರಮ ಸುಮ್ನೆ ಕೂತು ಎದ್ದು ಹೋಗುತ್ತಾರೆ. ನನಗೆ ಬೇಸರ ತರುವುದು ಅದೇ.

ಸದ್ದು ನಿಂತ ಮೇಲೆ 60 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯಲು ಹಿಡಿಯುವ ಹೊತ್ತನ್ನು ಅನುರಣನ ಕಾಲ ಎನ್ನುತ್ತೇವೆ. ಮಾತಿಗೆ 1 ಸೆಕೆಂಡ್ ಆಸುಪಾಸು ಚೆನ್ನ. ದೊಡ್ಡ ವಾದ್ಯವೃಂದಕ್ಕೆ 2 ಸೆಕೆಂಡ್ ಹತ್ತಿರ ಬೇಕು. ಎರಡೂ ನಡೆಯುವ ಹಾಲ್ ಆದರೆ ನಾನು ಮಾತಿನ ಕಡೆಗೇ ವಾಲುತ್ತೇನೆ, 1.2 ಸೆಕೆಂಡ್ ಇಟ್ಟುಕೊಳ್ಳುತ್ತೇನೆ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸದ ಹಾಲ್ ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಬೇರೊಂದು ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಅವರ ಸೂತ್ರ ಸುಲಭ: ಹಾಲ್‌ನ ಘನ ಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಮೈಯ ಚದರ ಮೀಟರನ್ನು ಅದು ಹೀರುವ ಸದ್ದಿನ ಪಾಲಿನಿಂದ ಗುಣಿಸಿದರೆ ಸಿಗುವುದು) ಭಾಗಿಸಿ.

20 ಮೀಟರ್ ಉದ್ದ, 12 ಅಗಲ, 5 ಎತ್ತರದ ಖಾಲಿ ಹಾಲ್ ತೆಗೆದುಕೊಳ್ಳಿ. ಅದು 1200 ಘನ ಮೀಟರ್; ಗೋಡೆ, ನೆಲ, ಛಾವಣಿ ಸೇರಿ ಒಟ್ಟು ಮೈ 800 ಚದರ ಮೀಟರ್. ಗಾರೆ, ಟೈಲ್ಸ್, ಗಾಜು ಸೇರಿ ಸರಾಸರಿ ನೂರಕ್ಕೆ 4ರಷ್ಟು ಹೀರಿದರೆ ಹೀರಿಕೆ 32. ಅನುರಣನ 6 ಸೆಕೆಂಡ್! ಸದ್ದು ಹೀರುವ ಒಳ್ಳೆಯ ಪ್ಯಾನೆಲ್ 40 ಚದರ ಮೀಟರ್ ಹಾಕಿದರೆ ಅದು 3ಕ್ಕೆ ಇಳಿಯುತ್ತದೆ. ಇನ್ನೂ 40 ಹಾಕಿದರೆ 2ರ ಹತ್ತಿರ. 1.2ಕ್ಕೆ ಬರಲು ಒಟ್ಟು ಸುಮಾರು 150 ಚದರ ಮೀಟರ್ ಬೇಕು. ಗೋಡೆಗೆ ನಾಲ್ಕು ಚಂದದ ಪ್ಯಾನೆಲ್ ತೂಗುಹಾಕಿದರೆ ಯಾಕೆ ಏನೂ ಬದಲಾಗುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ಇಷ್ಟು ಜಾಗ ಸಿಗುವುದು ಛಾವಣಿಯಲ್ಲಿ. ಅಲ್ಲಿ ಚೆಂಡು, ಕುರ್ಚಿ ತಾಗುವ ಭಯವೂ ಕಡಿಮೆ.

ದಪ್ಪದಲ್ಲಿ ಮಾತ್ರ ಜಿಪುಣತನ ಬೇಡ. 25 ಮಿಲಿಮೀಟರ್ ಫೋಮ್ ಕೀರಲು ದನಿಯನ್ನಷ್ಟೇ ನುಂಗುತ್ತದೆ, ಗುಂಯ್ ಎನ್ನುವ ತಗ್ಗಿನ ದನಿ ಹಾಗೇ ಉಳಿಯುತ್ತದೆ. 125 ಹರ್ಟ್ಸ್, ಅಂದರೆ ಸೆಕೆಂಡಿಗೆ 125 ಸಲ ಕಂಪಿಸುವ ತಗ್ಗಿನ ದನಿಯ ಅಲೆಯ ಉದ್ದ 2.7 ಮೀಟರ್, ತೆಳು ಹಾಳೆ ಅದಕ್ಕೆ ಲೆಕ್ಕವೇ ಅಲ್ಲ. 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ಅಥವಾ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹಾಸು) ಹಾಕಿ, ಹಿಂದೆ ಅಷ್ಟೇ ಗಾಳಿಯ ಸಂದು ಬಿಡಿ. ಆ ಸಂದು ಪುಕ್ಕಟೆ ಸಿಗುವ ಲಾಭ. ಮೊಟ್ಟೆಯ ಟ್ರೇ ಅಂಟಿಸುವುದು ದಂಡ.

ಆಮೇಲೆ ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟರ್‌ರ್ ಎಂದು ಕೇಳಿದರೆ ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಪುಟಿಯುತ್ತಿದೆ. ಎರಡರಲ್ಲಿ ಒಂದು ಗೋಡೆಗೆ ಪ್ಯಾನೆಲ್ ಹಾಕಿದರೂ ಸಾಕು. ಸಂಗೀತ ಜಾಸ್ತಿ ನಡೆಯುವ ಕಡೆ ಅಲ್ಲಿ ದಪ್ಪ ಪರದೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಡಿ. ಹಾಡಿಗೆ ಸರಿಸಬಹುದು, ಭಾಷಣಕ್ಕೆ ಎಳೆಯಬಹುದು.

ಬೆಂಕಿಯ ವಿಚಾರದಲ್ಲಿ ನಾನು ರಾಜಿಯಾಗುವುದಿಲ್ಲ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಗೋಡೆಗೆ ಅಂಟಿಸಿದ್ದ ಫೋಮ್‌ಗೆ ಬೆಂಕಿ ಹತ್ತಿ 100 ಮಂದಿ ಸತ್ತರು. ಹಣ ಕೊಡುವ ಮೊದಲು ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಒಳಗಿನ ರಾಕ್‌ವೂಲ್, ಗ್ಲಾಸ್‌ವೂಲ್‌ಗಷ್ಟೇ ಅಲ್ಲ, ಮೇಲಿನ ಬಟ್ಟೆ, ಅಂಟು ಸೇರಿದ ಇಡೀ ಪ್ಯಾನೆಲ್‌ಗೆ.