ಪಂಪ್‌ಸೆಟ್ ಮೋಟಾರು ಕರೆಂಟ್ ಕೊಡಲು ಕಲಿತ ಬಗೆ

ಸೈಕಲ್ ಡೈನಮೋ ತಿರುಗಿದರೆ ದೀಪ ಹತ್ತುತ್ತದೆ. ತೋಟದ ಪಂಪ್‌ಸೆಟ್ ಮೋಟಾರನ್ನು ಸುಮ್ನೆ ತಿರುಗಿಸಿದರೆ ಹತ್ತುವುದಿಲ್ಲ. ಡೈನಮೋ ಒಳಗೆ ಕಾಯಂ ಅಯಸ್ಕಾಂತ ಇದೆ, ಪಂಪ್‌ಸೆಟ್ಟಿನಲ್ಲಿರುವ ಇಂಡಕ್ಷನ್ ಮೋಟಾರಿನಲ್ಲಿ ಇಲ್ಲ. ತನಗೆ ಬೇಕಾದ ಅಯಸ್ಕಾಂತವನ್ನು ಅದು ಲೈನಿನ ಕರೆಂಟಿನಿಂದಲೇ ಮಾಡಿಕೊಳ್ಳುತ್ತದೆ. ಹಾಗಾದರೆ ಲೈನೇ ಇಲ್ಲದ ಕಡೆ?

ತಿರುಗುವ ಕಾಂತಕ್ಷೇತ್ರದಿಂದ ಓಡುವ ಈ ಇಂಡಕ್ಷನ್ ಮೋಟಾರು ಜಗತ್ತಿಗೆ ಗೊತ್ತಾದದ್ದು 1888ರಲ್ಲಿ. ಇಟಲಿಯಲ್ಲಿ ಗೆಲಿಲಿಯೋ ಫೆರಾರಿಸ್, ಅಮೆರಿಕದಲ್ಲಿ ನಿಕೋಲಾ ಟೆಸ್ಲಾ, ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡಿದ್ದರು. ಲೈನಿಗೆ ಸೇರಿಸಿಟ್ಟ ಈ ಮೋಟಾರನ್ನು ಜೋರಾಗಿ ತಿರುಗಿಸಿದರೆ ಅದು ಕರೆಂಟ್ ವಾಪಸ್ ಕೊಡುತ್ತದೆ. ನಮ್ಮ 50 ಹರ್ಟ್ಜ್ ಲೈನಿನಲ್ಲಿ ನಾಲ್ಕು ಪೋಲಿನ (ನಾಲ್ಕು ಕಾಂತ ಧ್ರುವಗಳ) ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ಓಡುತ್ತದೆ. ಒಳಗಿನ ಕಾಂತಕ್ಷೇತ್ರ ತಿರುಗುವುದು 1500 ಸುತ್ತು; ಮೋಟಾರನ್ನು ಅದಕ್ಕಿಂತ ಜೋರಾಗಿ ತಿರುಗಿಸಿದರೆ ಮೋಟಾರು ಜನರೇಟರ್ ಆಗುತ್ತದೆ. ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ ಯೊಹಾನ್ನೆಸ್ ಯೂಲ್ 1957ರಲ್ಲಿ ಸ್ಥಾಪಿಸಿದ 200 ಕಿಲೋವಾಟ್ ಗಾಳಿಯಂತ್ರ ಕೆಲಸ ಮಾಡಿದ್ದು ಹೀಗೆಯೇ. ಆದರೆ ಅದಕ್ಕೂ ಲೈನಿನ ಆಸರೆ ಬೇಕಿತ್ತು.

ಆಸರೆ ಬಿಡಿಸಿದ್ದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಟ್ಟು ಬಿಡುವ ಬಿಡಿಭಾಗ. 1935ರಲ್ಲಿ ಬ್ಯಾಸೆಟ್ ಮತ್ತು ಪಾಟರ್ ಎಂಬ ಎಂಜಿನಿಯರುಗಳು ಅಮೆರಿಕದಲ್ಲಿ ಮೋಟಾರಿಗೆ ಕೆಪಾಸಿಟರ್ ಜೋಡಿಸಿ ಕರೆಂಟ್ ಪಡೆಯುವ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇದು ನಡೆಯುವ ಬಗೆ ನನಗೆ ಇವತ್ತಿಗೂ ಬೆರಗು. ಒಮ್ಮೆ ಓಡಿದ ಮೋಟಾರಿನ ಕಬ್ಬಿಣದಲ್ಲಿ ಚೂರು ಕಾಂತತೆ ಉಳಿದಿರುತ್ತದೆ. ತಿರುಗಿಸಿದಾಗ ಅದರಿಂದ ಕೆಲವೇ ವೋಲ್ಟ್ ಹುಟ್ಟುತ್ತದೆ. ಆ ವೋಲ್ಟೇಜು ಕೆಪಾಸಿಟರ್ ಮೂಲಕ ಕರೆಂಟ್ ಹರಿಸುತ್ತದೆ. ಆ ಕರೆಂಟ್ ಕಾಂತತೆಯನ್ನು ಹೆಚ್ಚಿಸುತ್ತದೆ, ವೋಲ್ಟೇಜು ಇನ್ನಷ್ಟು ಏರುತ್ತದೆ. ಕಬ್ಬಿಣ ಇನ್ನು ಹೀರಲಾರೆ ಎನ್ನುವ ಹಂತ ಬಂದಾಗ ಏರಿಕೆ ನಿಲ್ಲುತ್ತದೆ. ಹೆಪ್ಪಿನ ಒಂದು ಹನಿ ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುವ ಹಾಗೆ, ಅಲ್ವಾ?

ಇಷ್ಟಾದರೂ ಅದು ಊರಿಗೆ ಬರಲಿಲ್ಲ. ಒಂದು ಬಲ್ಬು ಆರಿಸಿದರೆ ವೋಲ್ಟೇಜು ಏರುತ್ತದೆ, ಹೊತ್ತಿಸಿದರೆ ಇಳಿಯುತ್ತದೆ. ಇದಕ್ಕೆ ಅಗ್ಗದ ಪರಿಹಾರ ಸಿಕ್ಕಿದ್ದು ಎಲೆಕ್ಟ್ರಾನಿಕ್ಸ್ ಬೆಳೆದ ಮೇಲೆ. ಮನೆಗೆ ಬೇಡವಾದ ಕರೆಂಟನ್ನು ಒಂದು ಪೆಟ್ಟಿಗೆ ಹೀಟರಿಗೆ ತಿರುಗಿಸುತ್ತದೆ. ಹಾಗಾಗಿ ಜನರೇಟರಿನ ಮೇಲಿನ ಭಾರ ಯಾವಾಗಲೂ ಒಂದೇ. 1990ರ ದಶಕದಲ್ಲಿ ಬ್ರಿಟನ್ನಿನ ನೈಜೆಲ್ ಸ್ಮಿತ್ ಇದನ್ನು ಹಳ್ಳಿಯ ಪುಟ್ಟ ಜಲವಿದ್ಯುತ್ತಿಗೆ ಹೊಂದಿಸಿದರು. ತ್ರೀ ಫೇಸ್ ಮೋಟಾರಿನ ಒಂದು ಫೇಸಿಗೆ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ಕೆಪಾಸಿಟರ್ ಕೊಟ್ಟು ಸಿಂಗಲ್ ಫೇಸ್ ಪಡೆಯುವ ಜೋಡಣೆ ಹೆಸರಾಯಿತು. ನೇಪಾಳದ ಗುಡ್ಡಗಳಲ್ಲಿ ನೀರಿನ ಚಿಮ್ಮುವ ಧಾರೆಗೆ ತಿರುಗುವ ಪೆಲ್ಟನ್ ಚಕ್ರವನ್ನು ಇಂಥ ಜನರೇಟರಿಗೇ ಕೂರಿಸಿದ 'ಪೆಲ್ಟ್ರಿಕ್ ಸೆಟ್' ಮನೆಗಳಿಗೆ ಬೆಳಕು ಕೊಟ್ಟಿತು.

ಪುಟ್ಟ ಟರ್ಬೈನುಗಳು ನಮ್ಮ ಮಲೆನಾಡಿನ ಹಳ್ಳಗಳಲ್ಲೂ ಇವೆ. ಅಂಥ ಕಡೆ ಈ ಮೋಟಾರಿನ ದೊಡ್ಡ ಗುಣ ರಿಪೇರಿಯ ಸುಲಭ. ಸವೆಯುವ ಕಾರ್ಬನ್ ಬ್ರಷ್ ಇಲ್ಲ, ಬೇರಿಂಗ್ ಹೋದರೆ ಪೇಟೆಯ ಯಾವ ರಿವೈಂಡಿಂಗ್ ಅಂಗಡಿಯವರೂ ಹಾಕಿಕೊಡುತ್ತಾರೆ. ಶಾರ್ಟ್ ಆದರೆ ವೋಲ್ಟೇಜು ತಾನೇ ಕುಸಿದು ವೈಂಡಿಂಗ್ ಉಳಿಯುತ್ತದೆ.

ಆದರೆ ಜೋಪಾನ. ಲೋಡ್ ಪೂರ್ತಿ ಹೋದರೆ ಟರ್ಬೈನು ಓಟ ಹಿಡಿದು ವೋಲ್ಟೇಜು ವಿಪರೀತ ಏರುತ್ತದೆ, ಕೆಪಾಸಿಟರ್ ಸಿಡಿಯಬಹುದು. ಹಾಕುವುದು ಸದಾ ಲೈನಿನಲ್ಲಿರಲು ಮಾಡಿದ ರನ್ನಿಂಗ್ ಕೆಪಾಸಿಟರೇ ಆಗಿರಲಿ. ಸ್ಟಾರ್ಟಿಂಗ್‌ನದು ಕೆಲವೇ ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು. ಕೆಲವೊಮ್ಮೆ ಎಷ್ಟು ತಿರುಗಿದರೂ ಕರೆಂಟ್ ಬರುವುದಿಲ್ಲ, ಉಳಿದಿದ್ದ ಕಾಂತತೆ ಅಳಿಸಿಹೋಗಿರುತ್ತದೆ. ಆಗ ಟರ್ಬೈನು ನಿಲ್ಲಿಸಿ, ಕೆಪಾಸಿಟರ್ ಬಿಚ್ಚಿ, 12 ವೋಲ್ಟ್ ಬ್ಯಾಟರಿಯನ್ನು ವೈಂಡಿಂಗಿಗೆ ಒಂದು ಕ್ಷಣ ಮುಟ್ಟಿಸಿದರೆ ಸಾಕು.