9.6 ಬಂದರೆ 9.6 ಅಂತಲೇ ಬರೆಯಿರಿ

"ಮೇಡಂ, 9.6 ಬಂದಿದೆ. 9.8 ಮಾಡ್ಲಾ?"

ದಾರಕ್ಕೆ ಗುಂಡು ಕಟ್ಟಿ ತೂಗಿಸುವ ಲೋಲಕದ ಪ್ರಯೋಗ ಮಾಡಿಸುವ ದಿನ ಲ್ಯಾಬ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹೀಗೆ ಕೇಳುವವರು ಕಡಿಮೆ, ಕೇಳದೆ ತಿದ್ದುವವರೇ ಜಾಸ್ತಿ. ಪುಸ್ತಕದಲ್ಲಿ ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಏರುವ ದರ) 9.8 ಮೀ/ಸೆ² ಎಂದಿದೆ, ನನ್ನದು 9.6, ಸಮಯವನ್ನು ಒಂಚೂರು ಇಳಿಸಿ ಬರೆದರೆ ಸರಿಹೋಗುತ್ತದೆ ಎನ್ನುವ ಲೆಕ್ಕ. ಇದರಲ್ಲಿ ಮಕ್ಕಳಿಗಿಂತ ಅಂಕ ಕೊಡುವ ನಮ್ಮ ತಪ್ಪೇ ದೊಡ್ಡದು. ಉತ್ತರ ಹೊಂದಿಕೆಯಾದರೆ ಪೂರ್ತಿ ಅಂಕ ಎಂದು ಕಲಿಸಿದವರು ನಾವೇ ಅಲ್ವಾ?

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. 9.6 ಹಾಗೇ ಇರಲಿ. ಈ 0.2 ಎಲ್ಲಿ ಹೋಯಿತು ಹುಡುಕೋಣ ಬಾ.

ಲೋಲಕದ ಉದ್ದವನ್ನು 4π²ರಿಂದ ಗುಣಿಸಿ, ಒಂದು ಸಲ ಹೋಗಿ ಬರುವ ಸಮಯದ ವರ್ಗದಿಂದ ಭಾಗಿಸಿದರೆ ಈ ಉತ್ತರ ಸಿಗುತ್ತದೆ. ಮೊದಲು ಸಮಯ ನೋಡಿದೆವು. ಸುಮಾರು 1 ಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಹೆಚ್ಚು ಕಡಿಮೆ 2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಸೆಕೆಂಡಿನ ನೂರನೇ ಒಂದು ಭಾಗವನ್ನೂ ತೋರಿಸುತ್ತದೆ ನಿಜ. ಆದರೆ ಅದನ್ನು ಒತ್ತುವುದು ನಮ್ಮ ಬೆರಳು. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಪಕ್ಕದ ಗುಂಪಿನವರು ಒಂದೊಂದೇ ಆಂದೋಲನ ಅಳೆದಿದ್ದರು. ಅವರಿಗೆ 1.8, 2.2, 1.9, 2.1 ಹೀಗೆ ಬಂದಿತ್ತು. 1.8 ಹಾಕಿದರೆ ಉತ್ತರ 12 ದಾಟುತ್ತದೆ. 2.2 ಹಾಕಿದರೆ 8ರ ಹತ್ತಿರಕ್ಕೆ ಇಳಿಯುತ್ತದೆ. ಅದರ ಬದಲು 20 ಆಂದೋಲನಗಳನ್ನು ಒಟ್ಟಿಗೆ ಅಳೆದು 20ರಿಂದ ಭಾಗಿಸಿ. ಬೆರಳಿನ ಎಡವಟ್ಟು ಇದ್ದಷ್ಟೇ ಇರುತ್ತದೆ, ಆದರೆ ಅದೂ 20 ಪಾಲಾಗುತ್ತದೆ. 0.2 ಇದ್ದದ್ದು 0.01ಕ್ಕೆ ಇಳಿಯುತ್ತದೆ. ದುಬಾರಿ ಉಪಕರಣ ಯಾವುದೂ ಬೇಕಾಗಲಿಲ್ಲ ನೋಡಿ.

ಎಣಿಸುವಾಗ ಒಂದು ಎಚ್ಚರ. ವಾಚ್ ಒತ್ತಿದ ಕೂಡಲೇ "ಒಂದು" ಎಂದರೆ ಕೆಟ್ಟಿತು. ಆಗ ನೀವು 20 ಎನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ. ಉತ್ತರ 11ರ ಹತ್ತಿರ ಬರುತ್ತದೆ. ಶುರುವಿಗೆ "ಸೊನ್ನೆ" ಅನ್ನಿ. ಯಾರದಾದರೂ ಉತ್ತರ 10.8, 10.9 ಬಂದರೆ ನಾನು ಮೊದಲು ಕೇಳುವುದೇ "ಎಲ್ಲಿಂದ ಎಣಿಸಿದಿರಿ?" ಎಂದು.

ಈ ಹುಡುಗಿ ಸೊನ್ನೆಯಿಂದಲೇ ಎಣಿಸಿದ್ದಳು. ಮೂರು ಸಲ ಅಳೆದು 40.1, 40.2, 40.0 ಸೆಕೆಂಡ್ ಬರೆದಿದ್ದಳು. ಚೆನ್ನಾದ ರೀಡಿಂಗ್‌ಗಳು. ಹಾಗಾದರೆ ಉದ್ದ? 98 ಸೆಂಟಿಮೀಟರ್ ಅಂತ ಇತ್ತು. "ಎಲ್ಲಿಂದ ಎಲ್ಲಿಗೆ ಅಳೆದೆ, ತೋರಿಸು" ಎಂದೆ. ಮೇಲಿನ ಹಿಡಿತದಿಂದ ಶುರುಮಾಡಿ ದಾರದ ಗಂಟಿನ ಹತ್ತಿರ ಸ್ಕೇಲ್ ನಿಲ್ಲಿಸಿದಳು. ಆಮೇಲೆ ಅಲ್ಲೇ ಸುಮ್ಮನೆ ನಿಂತಳು. ಲೋಲಕದ ಉದ್ದ ಗುಂಡಿನ ನಡುಮಧ್ಯದವರೆಗೆ ಇರಬೇಕು. ಕೊಕ್ಕೆಯೂ ಗುಂಡಿನ ಅರ್ಧ ದಪ್ಪವೂ ಸೇರಿ 2 ಸೆಂಟಿಮೀಟರ್ ಬಿಟ್ಟುಹೋಗಿತ್ತು. 98ರ ಜಾಗದಲ್ಲಿ 100 ಹಾಕಿದಾಗ ಉತ್ತರ 9.8 ಬಂತು.

ಈ ಎರಡು ದೋಷಗಳ ಗುಣವೇ ಬೇರೆ. ಬೆರಳಿನ ದೋಷ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ಬಹುಪಾಲು ಅಳಿದುಹೋಗುತ್ತದೆ. ಉದ್ದದ ದೋಷ ಹಾಗಲ್ಲ, ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ. ಗಂಟಿನವರೆಗೇ ನೂರು ಸಲ ಅಳೆದರೂ ನೂರು ಸಲವೂ 98 ಬರುತ್ತದೆ. ರೀಡಿಂಗ್‌ಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದ ಮಾತ್ರಕ್ಕೆ ಅವು ಸರಿ ಎಂದಲ್ಲ. ತುದಿ ಸವೆದ ಸ್ಕೇಲ್, ಬಾಯಿ ಮುಚ್ಚಿದಾಗಲೂ ಸೊನ್ನೆಗೆ ಬಾರದ ವರ್ನಿಯರ್ ಕ್ಯಾಲಿಪರ್ಸ್, ಎಲ್ಲವೂ ಇದೇ ಜಾತಿ. ಇದಕ್ಕೆ ಮದ್ದು ಸರಾಸರಿಯಲ್ಲ, ಅಳೆಯುವ ಕ್ರಮವನ್ನೇ ಬಿಚ್ಚಿ ನೋಡುವುದು.

ಇನ್ನು ಉತ್ತರ ಬರೆಯುವ ರೀತಿ. ಕ್ಯಾಲ್ಕುಲೇಟರ್ 9.8204 ಎಂದು ತೋರಿಸಿತು, ಅವಳು ಅಷ್ಟನ್ನೂ ಬರೆದಳು. ಆದರೆ ಒಂದು ಆಂದೋಲನದ 2 ಸೆಕೆಂಡಿನಲ್ಲಿ 0.01 ಅನುಮಾನ ಇದೆ, ಅಂದರೆ ಶೇ. 0.5. ಸೂತ್ರದಲ್ಲಿ ಸಮಯದ ವರ್ಗ ಬರುವುದರಿಂದ ಅದು ಶೇ. 1 ಆಗುತ್ತದೆ. 9.8ರಲ್ಲಿ ಶೇ. 1 ಎಂದರೆ ಸುಮಾರು 0.1. ಆದ್ದರಿಂದ ಅವಳು ಧೈರ್ಯವಾಗಿ ಹೇಳಬಹುದಾದದ್ದು "9.8, ಆಚೀಚೆ 0.1" ಎಂದಷ್ಟೇ. ಮುಂದಿನ ಅಂಕಿಗಳನ್ನು ಅವಳು ಅಳೆದಿಲ್ಲ. ಏಕಮಾನ ಬರೆಯುವುದನ್ನಂತೂ ಮರೆಯಲೇಬಾರದು.

ಈ 0.1 ಗೊತ್ತಿದ್ದರೆ ಇನ್ನೊಂದು ಲಾಭ ಇದೆ. ನನಗೆ ಇದು ತುಂಬ ಮುಖ್ಯ. ನಿಮಗೆ 9.7 ಬಂದರೆ ಅದು ಪುಸ್ತಕದ ಬೆಲೆಯ ಜೊತೆ ಹೊಂದುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. 9.6 ಬಂದರೆ ಅಂತರ ನಿಮ್ಮ ಅನುಮಾನಕ್ಕಿಂತ ದೊಡ್ಡದು. ಅಲ್ಲಿ ಏನೋ ಇದೆ.

1890ರ ದಶಕದಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಅವರಿಗೆ ಆದದ್ದೂ ಇದೇ. ಅವರು ಸಾರಜನಕವನ್ನು ಎರಡು ರೀತಿಯಲ್ಲಿ ಪಡೆದು ಒಂದೇ ಗಾಜಿನ ಬುರುಡೆಯಲ್ಲಿ ತುಂಬಿ ತೂಗಿದರು. ಗಾಳಿಯಿಂದ ತೆಗೆದದ್ದು ಸುಮಾರು 2.31 ಗ್ರಾಂ, ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 2.30 ಗ್ರಾಂ. 200ರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ. ಆದರೆ ಒಂದೇ ಬಗೆಯದನ್ನು ಮತ್ತೆ ಮತ್ತೆ ತೂಗಿದಾಗ ಬರುತ್ತಿದ್ದ ಏರುಪೇರು ಅದಕ್ಕಿಂತ ಎಷ್ಟೋ ಚಿಕ್ಕದು. ಅದಕ್ಕೇ ಅವರಿಗೆ ಆ ವ್ಯತ್ಯಾಸವನ್ನು ಬಿಟ್ಟುಬಿಡಲು ಆಗಲಿಲ್ಲ. 1892ರಲ್ಲಿ ಅದನ್ನು ಬಹಿರಂಗವಾಗಿ ಬರೆದು, ಕಾರಣ ಹೊಳೆದರೆ ತಿಳಿಸಿ ಎಂದು ಬೇರೆಯವರನ್ನು ಕೇಳಿದರು. 1894ರಲ್ಲಿ ಅವರೂ ರಸಾಯನವಿಜ್ಞಾನಿ ವಿಲಿಯಂ ರಾಮ್ಸೇ ಅವರೂ ಉತ್ತರ ಕಂಡುಕೊಂಡರು. ಗಾಳಿಯಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ, ಸಾರಜನಕಕ್ಕಿಂತ ಭಾರವಾದ ಆರ್ಗಾನ್ ಎಂಬ ಅನಿಲ ಸೇರಿಕೊಂಡಿತ್ತು. ನಾವು ಒಳಗೆಳೆಯುವ ಗಾಳಿಯಲ್ಲಿ ಅದು ಹತ್ತಿರ ಹತ್ತಿರ ಶೇ. 1ರಷ್ಟಿದೆ. ರೇಲಿ ಎರಡೂ ತೂಕಗಳನ್ನು ಒಂದೇ ಮಾಡಿ ಬರೆದಿದ್ದರೆ?

ಆ ಹುಡುಗಿ ರೆಕಾರ್ಡ್ ಪುಸ್ತಕದಲ್ಲಿ 9.6 ಅನ್ನು ಅಳಿಸಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಗಂಟಿನವರೆಗೆ ಮಾತ್ರ ಅಳೆದಿದ್ದೆ" ಎಂದು ಬರೆದಳು. ಕೆಳಗೆ ಹೊಸ ಅಳತೆ, ಹೊಸ ಲೆಕ್ಕ. ಪೂರ್ತಿ ಅಂಕ ಕೊಟ್ಟೆ. ಅಷ್ಟರಲ್ಲಿ ಅವಳದು ಇನ್ನೊಂದು ಪ್ರಶ್ನೆ: "ಭಾರದ ಗುಂಡು ಕಟ್ಟಿದರೆ ಬೇಗ ತೂಗುತ್ತಾ ಮೇಡಂ?" ಏನಾಗಬಹುದು ಅಂತ ಮೊದಲು ಬರೆದಿಡು, ಆಮೇಲೆ ಕಟ್ಟು ಎಂದೆ. ದೊಡ್ಡ ಗುಂಡನ್ನು ಕೈಗೆತ್ತಿಕೊಂಡವಳು ಅದರ ದಪ್ಪ ನೋಡಿ, ದಾರವನ್ನು ಸ್ವಲ್ಪ ಗಿಡ್ಡ ಮಾಡಿದಳು.